ಗುಡ್ಡಮ್ಮ ಬರೆಯದ ಹೆಸರು

ತಾಳಗುಂದದ ಗುಡ್ಡಮ್ಮನಿಗೆ ಬೆಳಿಗ್ಗೆ ಎರಡು ಕೆಲಸ ಆಗದೆ ಚಹಾ ಗಂಟಲಲ್ಲಿ ಇಳಿಯುವುದಿಲ್ಲ. ಒಂದು, ಎಮ್ಮೆಗೆ ಹುಲ್ಲು ಹಾಕುವುದು. ಇನ್ನೊಂದು, ಮೊಬೈಲಿನಲ್ಲಿ ಬಳಗದವರನ್ನೆಲ್ಲ ವಿಚಾರಿಸಿಕೊಳ್ಳುವುದು. ಜಗಲಿಯ ಕಂಬಕ್ಕೆ ಬೆನ್ನು ಕೊಟ್ಟು, ಕನ್ನಡಕವನ್ನು ಸೆರಗಿನಿಂದ ಒರೆಸಿ, ಒಂದೊಂದೇ ಅಕ್ಷರ ಒತ್ತುತ್ತ ಬರೆಯುತ್ತಾಳೆ:

“ಎಲ್ಲರೂ ಎದ್ದಿರಾ? ಇಲ್ಲಿ ಸಣ್ಣ ಮಳೆ ಬಂದಿದೆ. ಮೆಕ್ಕೆಜೋಳಕ್ಕೆ ಒಳ್ಳೆಯದಾಯಿತು. ನಮ್ಮ ಮನೆಯವರು ಆರಾಮ ಇದ್ದಾರೆ. ನೀವೂ ಆರಾಮ ಇರಿ.”

ಪ್ರತಿ ವಾಕ್ಯದ ಕೊನೆಗೂ ಚುಕ್ಕೆ. ಚುಕ್ಕೆ ಇಟ್ಟ ಮೇಲೆ ಒಂದು ಗಳಿಗೆ ಬಿಟ್ಟೇ ಮುಂದಿನ ವಾಕ್ಯ. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕುಗಳಲ್ಲಿ ಹರಡಿಕೊಂಡಿರುವ ನೆಂಟರ ವಾಟ್ಸಾಪ್ ಗುಂಪು ಅದು. ಉಳಿದವರು ಹೂವಿನ ಚಿತ್ರವನ್ನೋ ಕೈಮುಗಿದ ಗೊಂಬೆಯನ್ನೋ ಎಸೆದು ಮುಂದೆ ಹೋಗುತ್ತಾರೆ. ಗುಡ್ಡಮ್ಮ ಬಂದವರಿಗೆ ಕಾಲಿಗೆ ನೀರು ಕೊಟ್ಟು ಮಾತಾಡಿಸುವ ಹಾಗೆ ಬರೆಯುತ್ತಾಳೆ.

ಸೊಸೆ ನಯನ ಊರಿನ ಅಂಗನವಾಡಿಯಲ್ಲಿ ಕೆಲಸ ಮಾಡುವವಳು. ತನ್ನ ಹಳೆಯ ಮೊಬೈಲನ್ನು ಅತ್ತೆಗೆ ಕೊಟ್ಟು, ಕನ್ನಡ ಅಕ್ಷರ ಎಲ್ಲಿವೆ ಎಂದು ತೋರಿಸಿದವಳೂ ಅವಳೇ. ಒಂದು ದಿನ ನಗುತ್ತ ಕೇಳಿದಳು: “ಅಲ್ಲ ಅತ್ತೆ, ಬಾಯಲ್ಲಿ ‘ಮಳಿ ಬಂದೈತಿ’ ಅಂತೀರಿ. ಮೊಬೈಲಿನಾಗೆ ‘ಮಳೆ ಬಂದಿದೆ’ ಅಂತ ಬರೀತೀರಿ. ಇದನ್ನ ನೀವೇ ಬರೆದಿದ್ದು ಅಂದ್ರೆ ಯಾರು ನಂಬ್ತಾರೆ?”

“ಹೊಲದಾಗೆ ಉಟ್ಟ ಸೀರಿ ಉಟ್ಕಂಡು ಬೀಗರ ಮನಿಗೆ ಹೋಗ್ತೀಯೇನೇ ನೀನು? ಬರೆಯೋದು ಅಂದ್ರೆ ಬೀಗರ ಮನಿಗೆ ಹೋದಂಗೆ.”

“ಅಷ್ಟು ಕಷ್ಟ ಯಾಕೆ? ಈ ಮೈಕಿನ ಗುರುತು ಒತ್ತಿ ಬಾಯಲ್ಲಿ ಹೇಳಿದ್ರೆ ಅದೇ ಬರ್ಕಂತೈತಿ.”

“ಬಾಯಲ್ಲಿ ಹೇಳೋದಾದ್ರೆ ಫೋನೇ ಮಾಡ್ತೀನಲ್ಲ. ಬರೆಯೋ ಮಜಾ ಅದಕ್ಕೇನು ಗೊತ್ತು?”

ನಾದಿನಿಯ ಮಗ ರಾಹುಲ್ ಸೊರಬದ ಬೀಜ-ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿರುವ ಹುಡುಗ. ಅವನು ದಿನಾ ಗುಂಪಿನಲ್ಲಿ ‘ಗುಡ್ ಮಾರ್ನಿಂಗ್ ಆಲ್’ ಎಂದು ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲೇ ಹಾಕುತ್ತಿದ್ದ. ಇವು ಯಾಕೆ ಇಷ್ಟು ದಪ್ಪ ಎಂದು ಗುಡ್ಡಮ್ಮ ಕೇಳಿದಳು. ಇಂಗ್ಲಿಷಿನಲ್ಲಿ ಹೆಸರಿನ ಮೊದಲ ಅಕ್ಷರವನ್ನು ಮಾತ್ರ ದೊಡ್ಡದಾಗಿ ಬರೆಯಬೇಕು, ಎಲ್ಲವನ್ನೂ ದೊಡ್ಡದು ಮಾಡಿದರೆ ಕೂಗಿದ ಹಾಗೆ ಎಂದು ನಯನ ತಿಳಿಸಿ ಹೇಳಿದಳು. ಗುಡ್ಡಮ್ಮ ಸ್ವಲ್ಪ ಹೊತ್ತು ಯೋಚಿಸಿದಳು. ಕನ್ನಡದ ಅಕ್ಷರಗಳಲ್ಲಿ ದೊಡ್ಡವರು ಸಣ್ಣವರು ಅಂತಿಲ್ಲವಲ್ಲ, ಮತ್ತೆ ಹೆಸರಿಗೆ ಮರ್ಯಾದೆ ಹೇಗೆ?

“ಗೊತ್ತಾತು ಬಿಡು,” ಎಂದಳು ಕೊನೆಗೆ. “ಅವರು ಹೆಸರಿನ ತಲಿಗೆ ಪೇಟ ಸುತ್ತುತಾರೆ. ನಾವು ಹೆಸರಿನ ಹೆಗಲಿಗೆ ‘ನವರು’ ಅಂತ ಶಾಲು ಹೊದಿಸ್ತೀವಿ.”

ಅಂದಿನಿಂದ ರಾಹುಲನಿಗೆ ದಿನವೂ ಒಂದು ಉತ್ತರ ಹೋಗುತ್ತಿತ್ತು: “ಕೂಗಬೇಡಪ್ಪ, ಕೇಳಿಸುತ್ತದೆ.”

ಹೀಗೆ ಅವಳಿಗೆ ಅವಳದೇ ಕೆಲವು ಪದ್ಧತಿಗಳಿದ್ದವು. ರಾಹುಲನ ತಾಯಿ ಉಚ್ಚಂಗಮ್ಮನನ್ನು ಕೊಟ್ಟಿರುವುದು ಕ್ಯಾಸನೂರಿಗೆ. ಮಂಗನ ಕಾಯಿಲೆಯ ಸುದ್ದಿ ಬಂದಾಗಲೆಲ್ಲ ಯಾರಾದರೂ ಆ ಊರಿನ ಹೆಸರನ್ನೇ ಕಾಯಿಲೆಗೆ ಇಟ್ಟು ಬರೆಯುತ್ತಿದ್ದರು. “ಹೆಣ್ಣು ಕೇಳಾಕೆ ಬಂದೋರೂ ಊರಿನ ಹೆಸರು ಕೇಳಿ ಒಂದು ಗಳಿಗೆ ಸುಮ್ನಾಗ್ತಾರೆ ಅತ್ತಿಗೆ,” ಎಂದು ಉಚ್ಚಂಗಮ್ಮ ಒಮ್ಮೆ ಕಣ್ಣೀರು ತಂದುಕೊಂಡಿದ್ದಳು. ಅಂದಿನಿಂದ ಗುಡ್ಡಮ್ಮ ಬರೆದರೆ ‘ಮಂಗನ ಕಾಯಿಲೆ’ ಎಂದೇ. ಗುಂಪಿನಲ್ಲಿ ಬೇರೆಯವರು ಊರಿನ ಹೆಸರು ಸೇರಿಸಿದರೆ, “ಕ್ಯಾಸನೂರು ನಮ್ಮ ಮನೆಯ ಮಗಳನ್ನು ಕೊಟ್ಟ ಊರು. ಅಲ್ಲಿಯವರು ಆರಾಮ ಇದ್ದಾರೆ” ಎಂದು ಕೆಳಗೆ ಬರೆದು ಚುಕ್ಕೆ ಇಡುತ್ತಿದ್ದಳು.

ಇನ್ನೊಂದು ಪದ್ಧತಿ ಮಾತ್ರ ಹೊಸ ತಲೆಮಾರಿನವರಿಗೆ ಅರ್ಥವಾಗುತ್ತಿರಲಿಲ್ಲ. ಗುಡ್ಡಮ್ಮ ‘ಚಿಕ್ಕ’ ಎಂಬ ಮಾತನ್ನು ಬರೆಯುವವಳಲ್ಲ. ಚಿಕ್ಕಪ್ಪ ಅವಳ ಬರಹದಲ್ಲಿ ಕಾಕಾ ಆಗುತ್ತಾನೆ, ಚಿಕ್ಕ ಮಗು ಸಣ್ಣ ಕೂಸಾಗುತ್ತದೆ. ತಮ್ಮನ ಮಗಳಿಗೆ ಚಿಕ್ಕಮಗಳೂರಿನಲ್ಲಿ ಕೆಲಸವಾದಾಗ “ಕಾಫಿ ಸೀಮೆಯಲ್ಲಿ ಕೆಲಸವಾಯಿತಂತೆ, ಸಂತೋಷ” ಎಂದು ಬರೆದಿದ್ದಳು. ಗುಂಪಿಗೆ ‘ಬೀರೇಶ್ವರ ಬಳಗ’ ಎಂಬ ಹೆಸರಿದ್ದರೂ ಅವಳು ಹೇಳುವುದು ‘ನಮ್ಮ ದೇವರ ಬಳಗ’.

ಕಾರಣ ಇಷ್ಟೇ. ಅವಳ ಗಂಡನ ಹೆಸರು ಚಿಕ್ಕಬೀರಪ್ಪ. ನಾವು ನೀವು ಹೇಳಬಹುದು, ಅವಳು ಹೇಳುವ ಹಾಗಿಲ್ಲ. ಹೇಳಬೇಡ ಎಂದು ಯಾರೂ ಅವಳ ಬಾಯಿ ಕಟ್ಟಿದ್ದಲ್ಲ. ಅವಳ ಅವ್ವ ಅಪ್ಪನ ಹೆಸರು ಹೇಳಲಿಲ್ಲ, ಅತ್ತೆ ಮಾವನ ಹೆಸರು ಹೇಳಲಿಲ್ಲ. ರೇಷನ್ ಅಂಗಡಿಯಲ್ಲೋ ಆಸ್ಪತ್ರೆಯಲ್ಲೋ ಯಜಮಾನರ ಹೆಸರು ಕೇಳಿದರೆ ಪಕ್ಕದಲ್ಲಿ ನಿಂತ ಹೆಂಗಸು ಹೇಳಿಬಿಡುತ್ತಿದ್ದಳು. ಮುಂದಿನ ಸಲ ಆಕೆಯ ಗಂಡನ ಹೆಸರನ್ನು ಇವಳು ಹೇಳುತ್ತಿದ್ದಳು. ಊರೇ ಹಾಗೆ ನಡೆದುಕೊಂಡು ಬಂದಿತ್ತು.

ಅಕ್ಷರ ಕಲಿಯುವಾಗಲೂ ಇದೇ ಕಥೆ. ಗುಡ್ಡಮ್ಮ ಶಾಲೆಯ ಮೆಟ್ಟಿಲು ಹತ್ತಿದ್ದು ಮಗ ನಾಗರಾಜನನ್ನು ಹೆತ್ತ ಮೇಲೆ, ಸಾಕ್ಷರತೆಯ ತರಗತಿಗಳು ನಡೆಯುತ್ತಿದ್ದ ಕಾಲದಲ್ಲಿ. ಸಂಜೆ ಹಾಲು ಕರೆದಿಟ್ಟು, ಊರ ಹೆಂಗಸರು ಸ್ಲೇಟನ್ನು ಸೆರಗಿನೊಳಗೆ ಮುಚ್ಚಿಕೊಂಡು ಶಾಲೆಯ ಜಗಲಿಗೆ ಬರುತ್ತಿದ್ದರು. ಸದಾಶಿವಪ್ಪ ಮೇಷ್ಟ್ರು ಬೆಳಗಿನಿಂದ ಮಕ್ಕಳಿಗೆ ಪಾಠ ಹೇಳಿ ದಣಿದಿದ್ದರೂ ತಾಯಂದಿರು ಬಂದೊಡನೆ ಎದ್ದು ನಿಲ್ಲುತ್ತಿದ್ದರು. “ನಾವು ಬಂದ್ರೆ ಮೇಷ್ಟ್ರು ಏಳ್ತಾರೆ ಕಣ್ರೇ,” ಎಂದು ಹೆಂಗಸರಿಗೆ ಅದೇ ಒಂದು ಸಂಭ್ರಮ.

ಗುಡ್ಡಮ್ಮನಿಗೆ ಸ್ಲೇಟು ತಂದುಕೊಟ್ಟವರು ಚಿಕ್ಕಬೀರಪ್ಪನವರೇ. ಶಿರಾಳಕೊಪ್ಪದ ಸಂತೆಯಿಂದ ಮೆಣಸಿನಕಾಯಿ ಚೀಲದೊಳಗೆ ಇಟ್ಟುಕೊಂಡು ಬಂದು, ಏನೂ ಹೇಳದೆ ಒಲೆಯ ಪಕ್ಕ ಇಟ್ಟು ಹೋಗಿದ್ದರು. ಸ್ಲೇಟಿನ ಖಾರದ ಘಾಟಿಗೆ ಮೊದಲ ದಿನ ಅವಳಿಗೆ ಸೀನು ನಿಲ್ಲಲಿಲ್ಲ. ಅವರೂ ನಾಲ್ಕನೆಯ ಇಯತ್ತೆಯವರೆಗೆ ಓದಿದ್ದವರು. ಅವಳು ಬರೆದಿಟ್ಟ ಸ್ಲೇಟಿನ ಮುಂದೆ ಹಾಯುವಾಗ ಸುಮ್ಮನೆ ಬಗ್ಗಿ ನೋಡಿ, ತಪ್ಪಿದ ಒತ್ತನ್ನು ಹೆಬ್ಬೆರಳಿನಿಂದ ತೀಡಿ ಹೋಗಿಬಿಡುತ್ತಿದ್ದರು. ಯಾರು ತೀಡಿದರು ಎಂದು ಅವಳು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಒಂದು ಸಂಜೆ ಮೇಷ್ಟ್ರು, “ಇವತ್ತು ಮನೆಯಲ್ಲಿರುವವರ ಹೆಸರು ಬರೆಯೋಣ. ಮೊದಲು ಯಜಮಾನರ ಹೆಸರು,” ಎಂದರು. ಬಳಪಗಳೆಲ್ಲ ನಿಂತುಬಿಟ್ಟವು.

“ಯಾಕ್ರಮ್ಮ? ಎಲ್ಲರಿಗೂ ಒಟ್ಟಿಗೇ ಅಕ್ಷರ ಮರೆತುಹೋಯಿತೇ?”

ಹೆಂಗಸರು ಒಬ್ಬರನ್ನೊಬ್ಬರು ತಿವಿದರು. ಕೊನೆಗೆ ಗುಡ್ಡಮ್ಮನೇ ಬಾಯಿ ಬಿಟ್ಟಳು. “ಮರೆತಿಲ್ಲ ಮೇಷ್ಟ್ರೇ. ಬರೆದ ಮೇಲೆ ಉಗುಳು ಹಚ್ಚಿ ಒರೆಸ್ಬೇಕಲ್ರೀ. ಗಂಡನ ಹೆಸರಿಗೆ ಉಗುಳು ಹಚ್ಚೋದು ಹೆಂಗೆ?”

ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ಕರಿಹಲಗೆಯ ಮೇಲೆ ದುಂಡಗೆ ಬರೆದರು: ‘ನಮ್ಮ ಮನೆಯವರು ಹೊಲಕ್ಕೆ ಹೋಗಿದ್ದಾರೆ.’ “ಇದನ್ನು ಬರೆಯಿರಿ. ಹೆಸರಿಲ್ಲದಿದ್ದರೂ ಪರವಾಗಿಲ್ಲ, ‘ಆರೆ’ ಬಿಡಬೇಡಿ. ಬಹುವಚನ ಬಿಟ್ಟರೆ ಅನ್ನಕ್ಕೆ ಉಪ್ಪು ಬಿಟ್ಟ ಹಾಗೆ.” ಗುಡ್ಡಮ್ಮ ತನ್ನ ಜನ್ಮದಲ್ಲಿ ಬರೆದ ಮೊದಲ ಪೂರ್ತಿ ವಾಕ್ಯ ಅದು. ತಿಂಗಳ ಕೊನೆಗೆ ಮೇಷ್ಟ್ರು ಎಲ್ಲರನ್ನೂ ಗುಡಿಯ ಮುಂದಿನ ಶಾಸನದ ಕಂಬದ ಬಳಿ ಕರೆದುಕೊಂಡು ಹೋಗಿ, ಹಳೆಯ ಕಾಲದವರು ಹೇಗೆ ಬರೆಯುತ್ತಿದ್ದರು ಎಂದು ತೋರಿಸಿದರು. ಯಾವ ರಾಜ, ಅವನ ಅಪ್ಪ ಯಾರು, ಅಜ್ಜ ಯಾರು ಎಂದು ಹೇಳುತ್ತ ಹೋದರು. “ಇಷ್ಟು ಮಂದಿ ಹೆಸರು ಕಲ್ಲಿನ ಮ್ಯಾಲೆ ಹಾಕ್ಯಾರಲ್ಲ, ಅವರ ಹೆಂಡ್ತೇರು ಬೈಲಿಲ್ವಂತಾ?” ಎಂದು ಗುಡ್ಡಮ್ಮ ಕೇಳಿದ್ದು ಊರಿನಲ್ಲಿ ಬಹಳ ದಿನ ಓಡಾಡಿತು.

ಆ ಕಾಲ ಹೋಯಿತು. ಸ್ಲೇಟು ಹೋಗಿ ಮೊಬೈಲು ಬಂತು. ಈಚೆಗೆ ಚಿಕ್ಕಬೀರಪ್ಪನವರಿಗೆ ಮರೆವು ಹತ್ತಿತು. ಉಂಡೆದ್ದು ಮತ್ತೆ ತಟ್ಟೆಯ ಮುಂದೆ ಬಂದು ಕೂರುತ್ತಾರೆ. ಎಂದೋ ಸತ್ತ ಎತ್ತನ್ನು ಎಲ್ಲಿ ಕಟ್ಟಿದೆ ಎಂದು ನಾಗರಾಜನನ್ನು ಕೇಳುತ್ತಾರೆ. ಒಮ್ಮೆ ಹಾಲಿನ ಸಂಘದಿಂದ ಬಂದವನೊಬ್ಬ ಬಾಗಿಲಲ್ಲಿ ನಿಂತು, “ಬೀರಪ್ಪ ಅದಾರೇನ್ರೀ?” ಎಂದ. ಇವರು ಹೊರಗೆ ಬಂದು, “ಅಪ್ಪ ಹೊಲಕ್ಕೆ ಹೋಗ್ಯಾರೆ, ಸಂಜಿಗೆ ಬರ್ರಿ,” ಎಂದು ಕಳಿಸಿಬಿಟ್ಟರು. ಬೀರಪ್ಪ ಅವರ ತಂದೆಯ ಹೆಸರು. ತಂದೆ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ನಯನ ಗಾಬರಿಯಾದಳು. ಗುಡ್ಡಮ್ಮ ಮಾತ್ರ, “ಅವರ ಹೆಸರು ಪೂರ್ತಿ ಹೇಳಿದ್ರೆ ಸರಿಯಾಗೇ ಮಾತಾಡ್ತಿದ್ರು. ಅರ್ಧ ಹೇಳಿದ್ದು ಅವನ ತಪ್ಪು,” ಎಂದಳು.

ಈ ಸಲದ ನಾಗರ ಪಂಚಮಿಗೆ ಉಚ್ಚಂಗಮ್ಮನಿಗೆ ತವರಿಗೆ ಬರಲಾಗಲಿಲ್ಲ, ಮೊಣಕಾಲು ನೋವು. ತಂಗಿ ಬರದಿದ್ದರೆ ಅಣ್ಣನೇ ಉಂಡೆ ತೆಗೆದುಕೊಂಡು ಹೋಗಬೇಕು. ಹಬ್ಬ ಕಳೆದ ಮೇಲೆ ಎಳ್ಳುಂಡೆ, ಶೇಂಗಾ ಉಂಡೆ ಕಟ್ಟಿಕೊಂಡು ಗಂಡ ಹೆಂಡತಿ ಕ್ಯಾಸನೂರಿಗೆ ಹೋದರು. ಒಂದು ರಾತ್ರಿ ಇದ್ದು ಮರುದಿನ ಹೊರಟು ಸೊರಬದ ಬಸ್ ನಿಲ್ದಾಣಕ್ಕೆ ಬಂದರು.

ನಿಲ್ದಾಣದ ತುಂಬ ತವರಿಗೆ ಹೋಗುವ, ತವರಿಂದ ಬರುವ ಹೆಂಗಸರು. ಹಸಿರು ಬಳೆಯ ಸದ್ದು, ಮಕ್ಕಳ ಅಳು, ಕೈಚೀಲಗಳ ರಾಶಿ. ಗಂಡನನ್ನು ಕಲ್ಲುಬೆಂಚಿನ ಮೇಲೆ ಕೂರಿಸಿ, “ಇಲ್ಲೇ ಇರ್ರಿ, ಬಸ್ ಕೇಳ್ಕಂಡು ಬರ್ತೀನಿ,” ಎಂದು ಗುಡ್ಡಮ್ಮ ಕಂಟ್ರೋಲರ್ ಕಿಟಕಿಗೆ ಹೋದಳು. ತಿರುಗಿ ಬಂದಾಗ ಬೆಂಚಿನ ಮೇಲೆ ಕೊಡೆ ಇತ್ತು. ಅವರಿರಲಿಲ್ಲ.

“ರೀ!” ಎಂದು ಕೂಗಿದಳು. “ರೀ... ಎಲ್ಲಿದೀರಿ?”

ಅರ್ಧ ಬಸ್ ನಿಲ್ದಾಣ ತಿರುಗಿ ನೋಡಿತು. ಎಲೆ ಅಡಿಕೆ ಹಾಕುತ್ತಿದ್ದ ಒಬ್ಬ ಯಜಮಾನ ಎದ್ದೇ ಬಂದ. “ಏನಮ್ಮ, ಕರೆದ್ರಲ್ಲ?”

“ನಿಮ್ಮನ್ನಲ್ಲ ರೀ.”

“ಮತ್ತೆ ರೀ ಅಂದ್ರಿ?”

“ನಮ್ಮ ಮನೆಯವರನ್ನ ಕರೆದಿದ್ದು!”

ಹಿಂದೆ ಮುಂದೆ ಹುಡುಕಿದಳು. ಮೂತ್ರಾಲಯದ ಕಡೆ, ಹೋಟೆಲಿನ ಕಡೆ, ನಿಂತ ಬಸ್ಸುಗಳ ಕಿಟಕಿ ಕಿಟಕಿಗೆ. ಪ್ರತಿ ಸಲವೂ ಅದೇ ಕೂಗು, ಪ್ರತಿ ಸಲವೂ ಬೇರೆ ಯಾರೋ ತಿರುಗುತ್ತಿದ್ದರು. ಮತ್ತೆ ಕಿಟಕಿಗೆ ಓಡಿದಳು.

“ಮೈಕಿನಾಗೆ ಒಂಚೂರು ಕೂಗ್ರೀ ಅಪ್ಪಾ. ನಮ್ಮ ಯಜಮಾನ್ರು ಕಾಣ್ತಿಲ್ಲ.”

“ಹೆಸರು ಹೇಳಿ ತಾಯಿ.”

ಗುಡ್ಡಮ್ಮ ಪಕ್ಕಕ್ಕೆ ನೋಡಿದಳು. ಪಕ್ಕದಲ್ಲಿ ನಿಂತಿದ್ದ ಹೆಂಗಸು ಅಪರಿಚಿತಳು, ಯಾವ ಊರಿನವಳೋ. “ತಾಳಗುಂದದವರು,” ಎಂದಳು ಗುಡ್ಡಮ್ಮ. “ಲೈನ್‌ಮನ್ ನಾಗರಾಜನ ತಂದೆ.”

ಆತ ಒಳ್ಳೆಯವನು. ಇದ್ದದ್ದನ್ನೇ ಕೂಗಿದ: “ತಾಳಗುಂದದ ಲೈನ್‌ಮನ್ ನಾಗರಾಜನ ತಂದೆಯವರು ಎಲ್ಲಿದ್ದರೂ ಕಂಟ್ರೋಲರ್ ಕೊಠಡಿಗೆ ಬರಬೇಕು.” ಯಾರೂ ಬರಲಿಲ್ಲ.

ಗುಡ್ಡಮ್ಮ ಬಳಗದ ಗುಂಪಿಗೆ ಬರೆದಳು. ಆ ಅವಸರದಲ್ಲೂ ಚುಕ್ಕೆ ತಪ್ಪಲಿಲ್ಲ: “ನಮ್ಮ ಮನೆಯವರು ಸೊರಬದ ಬಸ್ ನಿಲ್ದಾಣದಲ್ಲಿ ಕಾಣುತ್ತಿಲ್ಲ. ಯಾರಾದರೂ ಬನ್ನಿ.” ನಾಗರಾಜನ ಫೋನು ಹೊಡೆದುಕೊಂಡೇ ಇತ್ತು. ಲೈನಿನ ಕೆಲಸದಲ್ಲಿ ಕಂಬ ಹತ್ತಿದ್ದರೆ ಅವನು ಎತ್ತುವವನಲ್ಲ. ರಾಹುಲ್ ಅಂಗಡಿ ಬಿಟ್ಟು ಬೈಕಿನಲ್ಲಿ ಬಂದ. ಒಂದು ಸುತ್ತು ಹುಡುಕಿ, ನಿಂತಲ್ಲೇ ಮೊಬೈಲಿನಲ್ಲಿ ಪಟಪಟ ಬರೆದು ತೋರಿಸಿದ.

ಮೇಲೆ ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ‘ಅರ್ಜೆಂಟ್’. ಕೆಳಗೆ: ‘ವಯಸ್ಸಾದ ಮುದುಕ ಕಾಣೆಯಾಗಿದ್ದಾನೆ, ತಲೆ ಸರಿ ಇಲ್ಲ, ಎಲ್ಲಾ ಗ್ರೂಪಿಗೂ ಫಾರ್ವರ್ಡ್ ಮಾಡಿ.’

ಗುಡ್ಡಮ್ಮ ಓದಿದಳು. “ಯಾರೋ ಇದು ಮುದುಕ? ನಿಮ್ಮ ಸೋದರಮಾವನಾ? ಎಮ್ಮೆ ಕಳೆದ್ರೂ ಇದಕ್ಕಿಂತ ಮರ್ಯಾದಿಯಿಂದ ಬರೀತಾರೆ.”

“ಗಡಿಬಿಡಿಯಲ್ಲಿ ಬರೆದೆ ಅತ್ತೆ. ಸುದ್ದಿ ಮುಟ್ಟಿದ್ರೆ ಸಾಕಲ್ವಾ?”

“ಸಾಕಲ್ಲ. ಅದನ್ನ ಓದಿದೋರು ಅವರನ್ನ ಹೆಂಗೆ ಮಾತಾಡಿಸ್ತಾರೆ ಗೊತ್ತೈತಾ? ‘ಏ ಮುದ್ಕ, ಬಾ ಇಲ್ಲಿ’ ಅಂತಾರೆ. ಕೈ ಹಿಡಿದು ಎಳೀತಾರೆ. ಅವರು ಹೆದರ್ಕಂಡು ಇನ್ನೂ ದೂರ ಹೋಗ್ತಾರೆ.”

ರಾಹುಲ್ ತಲೆ ಕೆರೆದುಕೊಂಡು ಅಳಿಸಿ ಬರೆದ. ಗುಡ್ಡಮ್ಮ ಹೇಳುತ್ತ ಹೋದಳು, ಬಿಳಿ ಅಂಗಿ, ಪಂಚೆ, ಹಸಿರು ಟವೆಲು. ಫೋಟೊ ಹಾಕೋಣವೆಂದರೆ ಇದ್ದದ್ದು ಒಂದೇ, ಯಾರದೋ ಮದುವೆಯಲ್ಲಿ ಮದುಮಗನ ಪೇಟ, ಬಾಸಿಂಗದ ಹೂವಿನ ಹಿಂದೆ ಮೂಗು ಮಾತ್ರ ಕಾಣುತ್ತಿದ್ದದ್ದು.

“ಹೆಸರು?” ಎಂದ ರಾಹುಲ್, ತಲೆಯೆತ್ತದೆ.

“ನಿನಗೆ ಗೊತ್ತಲ್ಲ, ಹಾಕಪ್ಪ.”

ಹುಟ್ಟಿದಾಗಿನಿಂದ ಮಾವ ಎಂದೇ ಕರೆದವನು. ತಾಯಿ ಅಣ್ಣ ಅನ್ನುತ್ತಾಳೆ, ನೆಂಟರೆಲ್ಲ ಬೀರಣ್ಣ ಅನ್ನುತ್ತಾರೆ. ‘ಬೀರಪ್ಪ’ ಎಂದು ಹಾಕಿ ಕಳಿಸಿಯೇಬಿಟ್ಟ. ಗುಡ್ಡಮ್ಮ ಕಣ್ಣು ಬೇರೆ ಕಡೆ ಇಟ್ಟಿದ್ದಳು. ಆ ಸಾಲನ್ನು ಓದಲಿಲ್ಲ.

ಸ್ವಲ್ಪ ಹೊತ್ತಿಗೆ ಶಿರಾಳಕೊಪ್ಪದಿಂದ ಒಂದು ಫೋನು ಬಂತು, ಬಸ್ಸು ನಿಲ್ಲುವ ಕಡೆ ಹಣ್ಣು ಮಾರುವವನದು. ರಾಹುಲ್ ಸ್ಪೀಕರ್ ಹಾಕಿದ.

“ಹಸಿರು ಟವೆಲಿನ ಯಜಮಾನ್ರು ಒಬ್ರು ಇಲ್ಲಿ ಇಳಿದಿದ್ರು ಕಣ್ರೀ. ಮೆಸೇಜು ನೋಡಿ, ಬೀರಪ್ಪ ಅಂದ್ರೆ ನೀವೇನಾ ಅಂತ ಕೇಳ್ದೆ. ಅಲ್ಲ ಅಂದ್ರು. ಬೀರಪ್ಪ ಹೊಲದಾಗೆ ಅದಾರೆ ಅಂದ್ರು. ನಿಮ್ಮೋರಲ್ಲ ಅಂತ ಸುಮ್ನಾದೆ. ಯಾವುದೋ ಬಸ್ ಹತ್ಕಂಡು ಹೋದ್ರು.”

“ಯಾವ ಬಸ್ಸು?”

“ವ್ಯಾಪಾರದಾಗೆ ಇದ್ದೆ ಮಾರಾಯ, ನೋಡ್ಲಿಲ್ಲ.”

“ನಾನು ಹೋಗಿ ನೋಡ್ತೀನಿ, ನೀವು ಇಲ್ಲೇ ಇರಿ. ಮಾವ ತಿರುಗಿ ಬಂದ್ರೂ ಬರಬಹುದು,” ಎಂದು ರಾಹುಲ್ ಬೈಕ್ ಹತ್ತಿ ಹೋದ.

ಗುಡ್ಡಮ್ಮ ಕಲ್ಲುಬೆಂಚಿನ ಮೇಲೆ ಕೊಡೆಯ ಪಕ್ಕ ಕುಳಿತಳು. ಮನುಷ್ಯ ಕೈಗೆ ಸಿಕ್ಕಿಯೂ ತಪ್ಪಿಹೋಗಿದ್ದರು. ನಯನಳಿಗೆ ಫೋನು ಮಾಡಿ ಬರೆಸಲೇ ಎಂದುಕೊಂಡಳು. ಮರುಗಳಿಗೆ, ಇನ್ನೊಬ್ಬರ ಬಾಯಿಂದ ಹೇಳಿಸಿದ್ದಕ್ಕೇ ಅಲ್ಲವೇ ಇಷ್ಟಾದದ್ದು ಅನ್ನಿಸಿತು. ಕನ್ನಡಕ ಒರೆಸಿಕೊಂಡು ತಾನೇ ಬರೆಯಲು ಕೂತಳು.

ಮೊದಲ ಸಾಲುಗಳು ತಾವಾಗಿಯೇ ಬಂದವು. ಹೆಸರಿನ ಜಾಗ ಬಂದಾಗ ಬೆರಳು ನಿಂತಿತು. ಸುತ್ತ ನೋಡಿದಳು. ಯಾರೂ ಇವಳನ್ನು ಗಮನಿಸುತ್ತಿರಲಿಲ್ಲ. ‘ಚಿ’ ಒತ್ತಿದಳು. ಮೊಬೈಲು ಎಂದಿನಂತೆ ತಾನೇ ಪದಗಳನ್ನು ಮುಂದಿಟ್ಟಿತು: ಚಿಂತೆ, ಚಿನ್ನ, ಚಿಲಕ. ಅವಳ ಜೊತೆ ಇದ್ದೂ ಇದ್ದೂ ಅದಕ್ಕೂ ಆ ಹೆಸರು ಬರುತ್ತಿರಲಿಲ್ಲ. ತಾನೇ ಒಂದೊಂದು ಅಕ್ಷರ ಹುಡುಕಿ ಒತ್ತಿದಳು. ‘ಕ’ಕ್ಕೆ ಒತ್ತು ಕೊಟ್ಟಳು. ‘ಬೀ’ಗೆ ದೀರ್ಘ ಎಳೆದಳು. ಕಿವಿ ಬಿಸಿಯಾಯಿತು, ಹೊಸದಾಗಿ ಮದುವೆಯಾದವಳ ಹಾಗೆ. ಪೂರ್ತಿ ಬರೆದು, ಬರಿ ಹೆಸರು ಬತ್ತಲೆ ನಿಂತ ಹಾಗೆ ಕಂಡು, ‘ನವರು’ ಸೇರಿಸಿದಳು. ಹೀಗಿತ್ತು ಅದು:

“ನಮ್ಮ ಮನೆಯವರು ಸೊರಬದ ಬಸ್ ನಿಲ್ದಾಣದಿಂದ ಹೋಗಿದ್ದಾರೆ. ಶಿರಾಳಕೊಪ್ಪದಲ್ಲಿ ಇಳಿದು ಬೇರೆ ಬಸ್ ಹತ್ತಿದ್ದಾರೆ. ಬಿಳಿ ಅಂಗಿ, ಪಂಚೆ, ಹಸಿರು ಟವೆಲು. ಅವರಿಗೆ ಮರೆವು ಇದೆ. ಬೇರೆ ಏನೂ ಇಲ್ಲ. ಕಂಡವರು ಕೈ ಹಿಡಿದು ಎಳೆಯಬೇಡಿ, ಗಾಬರಿಯಾಗುತ್ತಾರೆ. ಕೂರಿಸಿ ನೀರು ಕೊಡಿ. ಬೀರಪ್ಪ ಎಂದರೆ ಅವರ ತಂದೆಯವರು ಎಂದು ತಿಳಿಯುತ್ತಾರೆ. ಇವರ ಹೆಸರು ಚಿಕ್ಕಬೀರಪ್ಪನವರು. ಪೂರ್ತಿ ಹೆಸರು ಹೇಳಿ ಮಾತಾಡಿಸಿ. ಇಂತಿ, ಅವರ ಮನೆಯಾಕೆ ಗುಡ್ಡಮ್ಮ, ತಾಳಗುಂದ.”

ಕೆಳಗೆ ತನ್ನ ನಂಬರು ಹಾಕಿ ಕಳಿಸಿದಳು. ಬಳಗದವರು ಅದನ್ನು ತಮ್ಮ ತಮ್ಮ ಊರಿನ ಹಾಲಿನ ಡೇರಿಯ ಗುಂಪು, ಸ್ವಸಹಾಯ ಸಂಘದ ಗುಂಪು, ಬಸ್ಸಿನವರ ಗುಂಪುಗಳಿಗೆಲ್ಲ ದಾಟಿಸಿದರು. ಅಕ್ಷರ ಬದಲಿಸದೆ, ಹಾಗೆಯೇ. ಗುಡ್ಡಮ್ಮನ ಹತ್ತಿರ ಇನ್ನು ಕಾಯುವುದೊಂದೇ ಉಳಿದಿತ್ತು. ಬಸ್ಸುಗಳು ಬಂದವು, ಹೋದವು. ತವರಿನ ಚೀಲ ಹೊತ್ತ ಹೆಂಗಸರು ಇಳಿದರು, ಹತ್ತಿದರು.

ಬಿಸಿಲು ಬೆಂಚಿನಿಂದ ಇಳಿದು ನೆಲಕ್ಕೆ ಬಂದಿದ್ದಾಗ ಫೋನು ಬಂತು. ಹುಡುಗಿಯ ದನಿ.

“ಗುಡ್ಡಮ್ಮನವರಾ? ನಾನು ರಕ್ಷಿತಾ ಅಂತ, ತೊಗರ್ಸಿಯಿಂದ. ಮಲ್ಲಿಕಾರ್ಜುನ ದೇವಸ್ಥಾನದ ಹತ್ರ ನಂದು ಟೈಲರಿಂಗ್ ಅಂಗಡಿ ಐತಿ. ನಿಮ್ಮ ಯಜಮಾನ್ರು ಇಲ್ಲಿದಾರೆ. ಆರಾಮದಾರೆ, ಹೆದರ್ಕಬೇಡಿ.”

ಗುಡ್ಡಮ್ಮ ಕೊಡೆ ಎತ್ತಿಕೊಂಡು ಎದ್ದು ನಿಂತಳು.

“ಕಟ್ಟಿ ಮ್ಯಾಲೆ ಕುಂತಿದ್ರು. ರಂಗಪ್ಪನ ಮನಿ ಯಾವುದು ಅಂತ ಹೋಗಿ ಬರೋರನ್ನೆಲ್ಲ ಕೇಳ್ತಿದ್ರು. ಆ ಹೆಸರಿನೋರು ಇಲ್ಲಿ ಯಾರೂ ಇಲ್ಲ. ಆಮೇಲೆ ಡೇರಿ ಗುಂಪಿನಾಗೆ ನೀವು ಬರೆದಿದ್ದು ನೋಡಿದೆ. ನೀರು ಕೊಟ್ಟೆ. ಚಿಕ್ಕಬೀರಪ್ಪನವರೇ ಅಂದೆ. ಟಕ್ಕಂತ ತಿರುಗಿ, ‘ಹೂಂನವ್ವ, ನಾನೇ’ ಅಂದ್ರು.”

“ರಂಗಪ್ಪ ಅಂದ್ರೆ...” ಗುಡ್ಡಮ್ಮ ತಡವರಿಸಿದಳು. “ರಂಗಪ್ಪ ನಮ್ಮಪ್ಪ ಕಣವ್ವ. ಅದು ನನ್ನ ತವರು.”

ಅಪ್ಪ ಹೋಗಿ ಬಹಳ ಕಾಲವಾಗಿತ್ತು. ತಮ್ಮ ಶಿಕಾರಿಪುರದ ಪೇಟೆಗೆ ಹೋಗಿ ನೆಲೆಸಿದ್ದ. ಆ ಮನೆ ಯಾರದೋ ಕೈ ಸೇರಿ, ಕೆಡವಿ, ಅಲ್ಲೀಗ ಬೇರೆಯೇ ಮನೆ ಎದ್ದಿತ್ತು. ಅಲ್ಲಿಗೆ ಹೋಗುವ ಕಾರಣವೇ ಉಳಿದಿರಲಿಲ್ಲವಾದ್ದರಿಂದ ಅವಳಿಗೆ ಆ ಊರಿನ ಯೋಚನೆ ಬಂದಿರಲಿಲ್ಲ.

“ಏನ್ ಕೆಲಸ ಇತ್ತು ಯಜಮಾನ್ರೇ ಅಂತ ಕೇಳ್ದೆ,” ಎಂದಳು ರಕ್ಷಿತಾ. ಅವಳ ದನಿಯಲ್ಲಿ ನಗು ಇತ್ತು. “‘ಪಂಚಮಿ ಮುಗೀತಲ್ಲ, ನಮ್ಮ ಗುಡ್ಡಮ್ಮನ್ನ ಕರ್ಕಂಡು ಹೋಗಾಕೆ ಬಂದೀನಿ’ ಅಂದ್ರು.”

ಗುಡ್ಡಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮದುವೆಯಾದ ಹೊಸದರಲ್ಲಿ ಪ್ರತಿ ಪಂಚಮಿಗೂ ಅವಳು ತೊಗರ್ಸಿಗೆ ಹೋಗುತ್ತಿದ್ದಳು. ಜೋಕಾಲಿ ಆಡಿ ಸಾಕಾಗುವ ಮೊದಲೇ ಹಸಿರು ಟವೆಲಿನ ಅಳಿಯ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು. ಅವ್ವ ರೇಗಿಸುತ್ತಿದ್ದಳು, “ಇನ್ನೂ ಉಂಡಿನೇ ಕರಗಿಲ್ಲ, ಅಳಿಯಂದಿರು ಬಂದೇಬಿಟ್ರು.” ಅವರು ಕತ್ತು ಬಗ್ಗಿಸಿ ಕಂಬ ಕೆರೆಯುತ್ತ, “ಎಮ್ಮಿ ಹಾಲು ಕೊಡವಲ್ದು ಅತ್ತೆ, ಅದಕ್ಕೆ ಬಂದೆ,” ಅನ್ನುತ್ತಿದ್ದರು. ಇಂದು ಈ ಗದ್ದಲದಲ್ಲಿ ಬಳೆ, ಚೀಲ, ತವರಿನ ಹೆಂಗಸರನ್ನು ನೋಡಿ, ಪಕ್ಕದಲ್ಲಿ ಹೆಂಡತಿ ಕಾಣದೆ, ಎಲ್ಲಿ ಹೋಗಿರಬಹುದೆಂದು ಅವರಿಗೆ ಹೊಳೆದದ್ದು ಆ ಒಂದೇ ಜಾಗ. ಕರೆತರಲು ಹೊರಟಿದ್ದರು.

ನಾಗರಾಜನಿಗೂ ಅಷ್ಟು ಹೊತ್ತಿಗೆ ಸುದ್ದಿ ಮುಟ್ಟಿತ್ತು. ಯಾರದೋ ಕಾರು ಕೇಳಿಕೊಂಡು ಸೊರಬಕ್ಕೆ ಬಂದು ಅವ್ವನನ್ನು ಹತ್ತಿಸಿಕೊಂಡು ತೊಗರ್ಸಿಗೆ ಹೋದ. ಚಿಕ್ಕಬೀರಪ್ಪನವರು ಟೈಲರ್ ಅಂಗಡಿಯ ಮುಂದೆ ಕುರ್ಚಿಯಲ್ಲಿ ಕೂತು, ರಕ್ಷಿತಾ ಕೊಟ್ಟ ಚಹಾವನ್ನು ಬಟ್ಟಲಿಗೆ ಬಗ್ಗಿಸಿಕೊಂಡು ಕುಡಿಯುತ್ತಿದ್ದರು. ಹೆಂಡತಿಯನ್ನು ಕಂಡು ಮುಖ ಗಂಟಿಕ್ಕಿದರು.

“ಎಷ್ಟೊತ್ತು ಕಾಯೋದು? ಬಿಸಿಲು ಇಳೀತು.”

“ತಯಾರಾಗೋದು ತಡ ಆತು,” ಎಂದಳು ಗುಡ್ಡಮ್ಮ.

“ನಿಮ್ಮಪ್ಪಗೆ ಹೇಳಿ ಬಂದ್ಯಾ?”

“ಹೂಂ, ಹೇಳ್ದೆ. ನಡೀರಿ ಹೋಗೋಣ.”

ರಕ್ಷಿತಾಳ ತಲೆ ನೇವರಿಸಿ, ಕ್ಯಾಸನೂರಿನಲ್ಲಿ ಉಚ್ಚಂಗಮ್ಮ ಕಟ್ಟಿಕೊಟ್ಟಿದ್ದ ಹಲಸಿನ ಹಪ್ಪಳದ ಗಂಟನ್ನು ಅವಳ ಕೈಗಿಟ್ಟು ಗುಡ್ಡಮ್ಮ ಕಾರು ಹತ್ತಿದಳು. ಕಾರಿನಲ್ಲಿ ಅವರು ಕಿಟಕಿಯ ಆಚೆ ಮೆಕ್ಕೆಜೋಳ ನೋಡುತ್ತ, ಯಾರ ಹೊಲ ಚೆನ್ನಾಗಿ ಬಂದಿದೆ ಎಂದು ಹೇಳುತ್ತ ಬಂದರು. ಅವಳು ಅವರ ಟವೆಲಿನ ಒಂದು ಚುಂಗನ್ನು ಬೆರಳಿಗೆ ಸುತ್ತಿಕೊಂಡೇ ಕೂತಿದ್ದಳು.

ಮನೆಗೆ ಬಂದು, ಕೈಕಾಲು ತೊಳೆದು, ಗಂಡನನ್ನು ಜಗಲಿಯಲ್ಲಿ ಕೂರಿಸಿ ಗುಡ್ಡಮ್ಮ ಮೊಬೈಲು ತೆಗೆದಳು. ಬಳಗದವರೆಲ್ಲ ಸಿಕ್ಕರಾ, ಆರಾಮದಾರಾ ಎಂದು ಕೇಳುತ್ತಲೇ ಇದ್ದರು. ಅವಳು ಬರೆದಳು: “ನಮ್ಮ ಮನೆಯವರು ಸಿಕ್ಕಿದರು. ಮನೆಗೆ ಬಂದಿದ್ದೇವೆ. ಹುಡುಕಿದ ಎಲ್ಲರಿಗೂ ಒಳ್ಳೆಯದಾಗಲಿ.” ಕಳಿಸಿ ನೋಡಿದರೆ, ಅದರ ಸ್ವಲ್ಪ ಮೇಲೆಯೇ ಆ ಹೆಸರು ಇನ್ನೂ ಕಾಣುತ್ತಿತ್ತು, ಅವಳದೇ ಕೈಬರಹದಂತೆ ನೆಟ್ಟಗೆ. ಪಕ್ಕದಲ್ಲೇ ಆ ಹೆಸರಿನವರು ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಅವಳಿಗೆ ನಾಚಿಕೆಯಾಯಿತು. ಪರದೆಯನ್ನು ಅವರಿಗೆ ಕಾಣದ ಹಾಗೆ ಓರೆ ಮಾಡಿಕೊಂಡಳು.

ಆಮೇಲೆ ಅದೇ ಗುಂಪಿನಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯತೊಡಗಿದಳು. “ಉಚ್ಚಂಗಮ್ಮ, ನಿಮ್ಮ ಅಣ್ಣ ಈಗ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಾರೆ. ನಿಮ್ಮ ಮೊಣಕಾಲಿಗೆ ಬಿಸಿ ಎಣ್ಣೆ ಹಚ್ಚಿರಿ.” “ರಾಹುಲ, ನೀನು ಊಟ ಮಾಡಿದೆಯಾ? ಬೈಕು ನಿಧಾನ ಓಡಿಸು.” ನಯನಳ ತವರಿನವರಿಗೊಂದು, ಶಿಕಾರಿಪುರದ ತಮ್ಮನಿಗೊಂದು. ಎಲ್ಲ ಪೂರ್ತಿ ವಾಕ್ಯ, ಎಲ್ಲಕ್ಕೂ ಚುಕ್ಕೆ.

“ಇಷ್ಟೊಂದು ಯಾಕೆ ಅತ್ತೆ, ಎಲ್ಲರಿಗೂ ಸೇರಿ ಒಂದೇ ಬರೀಬಹುದಲ್ಲ?” ಎಂದಳು ನಯನ, ಒಳಗಿನಿಂದ ಇಣುಕಿ.

“ಕೇಳಿದೋರಿಗೆಲ್ಲ ಹೇಳ್ಬೇಕಲ್ಲವ್ವ,” ಎಂದಳು ಗುಡ್ಡಮ್ಮ. ಪ್ರತಿ ಉತ್ತರಕ್ಕೂ ಆ ಹೆಸರು ಪರದೆಯ ಮೇಲೆ ಒಂದೊಂದೇ ಮೆಟ್ಟಿಲು ಏರುತ್ತಿತ್ತು. ಅದು ಮೇಲಿನ ಅಂಚು ದಾಟಿ ಪೂರ್ತಿ ಕಾಣದಂತಾಗುವವರೆಗೆ ಅವಳು ಬರೆಯುತ್ತಲೇ ಇದ್ದಳು.